ಹಗ್ಗದೊಳಗಿನ ಮನೆ

ಮೊದಲು ಕಣ್ಣಿಗೆ ಬೀಳುತ್ತಿದ್ದುದು ಹಗ್ಗ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಕಿವಿಯನ್ನು ಕೆಳಕ್ಕೆ ಜಗ್ಗುವ ಹಳೇ ಕಾಲದ ಓಲೆ, ಇಷ್ಟೆಲ್ಲ ಇದ್ದ ಹೆಂಗಸಿನ ಬಲ ಹೆಗಲ ಮೇಲೆ ನೀಲಿ ನೈಲಾನ್ ಹಗ್ಗದ ಒಂದು ಸುರುಳಿ. ಬೆಳಗಿನ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕರಗಿ ಹುಬ್ಬಿಗಿಳಿದಿರುತ್ತಿತ್ತು. ಅದನ್ನು ಒರೆಸಿಕೊಳ್ಳಲು ಸೆರಗೆತ್ತಿದರೆ ಹಗ್ಗ ಜಾರುತ್ತಿತ್ತು, ಹಗ್ಗ ಹಿಡಿದುಕೊಂಡರೆ ಸೆರಗು ಜಾರುತ್ತಿತ್ತು. ಈ ಎರಡರ ನಡುವೆ ಒದ್ದಾಡುತ್ತಲೇ ಅವರು ಹುಣಸೂರಿನ ನಮ್ಮ ವಾರ್ಡಿನ ಸಂದಿಗೊಂದಿಯೆಲ್ಲ ತಿರುಗುತ್ತಿದ್ದರು.

ಅವರಿಗೊಂದು ಹೆಸರಿತ್ತು, ಆದರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ನಗರಸಭೆಗೆ ನಮ್ಮ ವಾರ್ಡಿನ ಸದಸ್ಯೆಯಾಗಿ ಗೆದ್ದ ದಿನದಿಂದ ಅವರು ಮೆಂಬರಮ್ಮ. ಯಜಮಾನರದು ತೆಂಗಿನಕಾಯಿ, ಬೆಲ್ಲ, ರಾಗಿಯ ಮಂಡಿ. ಊರಿನಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಶಿವಭಕ್ತರ ಮನೆತನ. ವಾರ್ಡು ಮಹಿಳೆಗೆ ಮೀಸಲಾದಾಗ ಯಜಮಾನರು ಹೆಂಡತಿಯನ್ನು ನಿಲ್ಲಿಸಿದ್ದು, ಎಲ್ಲ ಕಡೆ ನಡೆಯುವಂತೆ, ತಾವೇ ಆಳಬಹುದೆಂಬ ಲೆಕ್ಕದ ಮೇಲೆ. ಮೊದಲ ಸಭೆಗೆ ಅವರೇ ಮುಂದೆ ಹೊರಟು ನಿಂತಾಗ ಈಕೆ ಬಾಗಿಲಲ್ಲೇ ಹೇಳಿದರಂತೆ: "ಇಬ್ರೂ ಓದ್ರೆ ಮಂಡೀಲಿ ಯಾರ್ ಕೂತ್ಕಳದು? ಅಲ್ಲಿ ನಿಮ್ಗೆ ಕುರ್ಚಿ ಇಲ್ಲ ಕಣ್ರೀ, ಇಲ್ಲಿ ಅದೆ." ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಹೋದರು. ಅಲ್ಲಿಂದ ಮುಂದೆ ಅವರು ಮೆಂಬರಮ್ಮನ ಗಂಡ ಎಂದು ಕರೆಸಿಕೊಂಡು ಸುಖವಾಗಿಯೇ ಇದ್ದರು.

ಇಷ್ಟು ಹೇಳಿದರೆ ದೊಡ್ಡ ಸಾಧ್ವಿ ಎಂದುಕೊಂಡುಬಿಡುತ್ತೀರಿ. ಹಾಗೇನಿರಲಿಲ್ಲ. ಅವರಿಗೆ ಹೊಗಳಿಕೆ ಬೇಕಿತ್ತು. ಉದ್ಘಾಟನೆಯ ಫೋಟೊದಲ್ಲಿ ನಡುವೆಯೇ ನಿಲ್ಲಬೇಕಿತ್ತು. ಕಲ್ಲಿನ ಫಲಕದಲ್ಲಿ ತಮ್ಮ ಹೆಸರು ಕೆಳಗಿಳಿದಿದ್ದರೆ ಅಂದಿನ ಕಾಫಿ ಮುಟ್ಟುತ್ತಿರಲಿಲ್ಲ. ಜಗಳವನ್ನಂತೂ ನಾಳೆಗೆ ಉಳಿಸುವವರೇ ಅಲ್ಲ. ಆದರೆ ಬೆಳಗಿನ ಹೊತ್ತು ಮಾತ್ರ ಅವರ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ, ಪೂಜೆ ಮುಗಿಯುವ ತನಕ ಮಾತಿಲ್ಲ, ಹನಿ ನೀರಿಲ್ಲ, ಎದ್ದು ಹೊರಗೆ ಬರುವುದಿಲ್ಲ. ಕಷ್ಟ ಹೇಳಿಕೊಳ್ಳಲು ಬಂದವರು ಜಗಲಿಯಲ್ಲಿ ಕಾಯುತ್ತಿದ್ದರು. ವಾರ್ಡಿನ ಬಾಕಿ ಜನ ಆ ಹೊತ್ತನ್ನು ಬೇರೆ ರೀತಿ ಬಳಸಿಕೊಳ್ಳುತ್ತಿದ್ದರು. ಚರಂಡಿಯ ಮೇಲೆ ಕಲ್ಲು ಹಾಸುವವರು, ನಲ್ಲಿಗೆ ಕಳ್ಳ ಪೈಪು ಜೋಡಿಸುವವರು, ಬೀದಿಗೆ ಮೆಟ್ಟಿಲು ಇಳಿಸುವವರು ಎಲ್ಲರೂ ಕೆಲಸ ಶುರುಮಾಡುತ್ತಿದ್ದುದು ಮೆಂಬರಮ್ಮ ಪೂಜೆಗೆ ಕೂತ ಮೇಲೆ. ಅವರು ಎದ್ದು ಬರುವಷ್ಟರಲ್ಲಿ ಸಿಮೆಂಟು ಗಟ್ಟಿಯಾಗಿರುತ್ತಿತ್ತು.

ಆ ವರ್ಷಗಳಲ್ಲಿ ಕೇಂದ್ರ ಸರ್ಕಾರದ ವಸತಿ ಯೋಜನೆಯ ಅನುದಾನ ಊರೂರಿಗೆ ಬರುತ್ತಿತ್ತು. ಸ್ವಂತ ಜಾಗದಲ್ಲಿ ಗುಡಿಸಲೋ ಶೀಟಿನ ಮನೆಯೋ ಇದ್ದವರು ಅದನ್ನು ಕಿತ್ತು ಪಕ್ಕಾ ಮನೆ ಕಟ್ಟಿಕೊಳ್ಳಬಹುದು. ದೆಹಲಿಯದು ಒಂದು ಪಾಲು, ಬೆಂಗಳೂರಿನದು ಒಂದು ಪಾಲು, ಉಳಿದದ್ದು ನಮ್ಮದು. ದುಡ್ಡು ಒಟ್ಟಿಗೆ ಕೈಗೆ ಬರುವುದಿಲ್ಲ. ಪಾಯ ಆದಾಗ ಒಂದು ಕಂತು, ಗೋಡೆ ಎದ್ದಾಗ ಒಂದು, ತಾರಸಿ ಹಾಕಿದಾಗ ಇನ್ನೊಂದು. ಪ್ರತಿ ಹಂತದಲ್ಲೂ ಎಂಜಿನಿಯರು ಬಂದು ಅಳತೆ ನೋಡಿ, ಮನೆಯೊಡತಿಯನ್ನು ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದರೆ ಮಾತ್ರ ಮುಂದಿನದು. "ಡೆಲ್ಲಿಯಿಂದ ಬರೋ ದುಡ್ಡು ನಮ್ ಬೀದಿ ತಿರುವ್ಗೆ ಬರೋ ಹೊತ್ಗೆ ಸುಸ್ತಾಗಿರ್ತದೆ ಕಣವ್ವ. ನಾವೇ ಓಗಿ ಕೈ ಇಡ್ಕಂಡು ಮನೆಗಂಟ ಕರ್ಕಂಡ್ ಬರ್ಬೇಕು" ಎನ್ನುತ್ತಿದ್ದರು ಮೆಂಬರಮ್ಮ.

ಯಾರಿಗೆ ಮನೆ ಕೊಡಬೇಕೆಂದು ಆರಿಸುವುದಕ್ಕೆ ವಾರ್ಡ್ ಸಭೆ ಸೇರಬೇಕು. ಬೇರೆ ವಾರ್ಡುಗಳಲ್ಲಿ ಅದು ಶಾಲೆಯಲ್ಲೋ ಗುಡಿಯ ಮುಂದಿನ ನೆರಳಿನಲ್ಲೋ ನಡೆಯುತ್ತಿತ್ತು. ನಮ್ಮಲ್ಲಿ ಅದು ನಡೆದದ್ದು ಶಿವರಾತ್ರಿ ಕಳೆದ ಮೇಲಿನ ಒಂದು ಸುಡು ಮಧ್ಯಾಹ್ನ, ನಮ್ಮ ಮನೆಯಲ್ಲಿ.

ನಮ್ಮದು ಲಕ್ಷ್ಮಣತೀರ್ಥ ಹೊಳೆಯ ಕಡೆಗಿನ ಇಳಿಜಾರಿನಲ್ಲಿ ಜಿಂಕ್ ಶೀಟಿನ ಮನೆ. ಗೋಡೆಯೂ ಶೀಟು, ಸೂರೂ ಶೀಟು. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಅವ್ವ ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಳು. ನಾನು ಒಬ್ಬಳೇ ಮಗಳು, ಆಗ ಬಿ.ಎಡ್. ಓದುತ್ತಿದ್ದೆ. ಹೇಳದೆ ಕೇಳದೆ ಮೆಂಬರಮ್ಮ ಇಡೀ ಬೀದಿಯನ್ನು ಕರೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. "ಬರ್ರಪ್ಪ, ಎಲ್ಲಾ ಒಳಿಕ್ ಬನ್ನಿ. ಇಲ್ಲೇ ಕೂತ್ಕಂಡು ಮಾತಾಡಣ." ಹಿಡಿಸಿದಷ್ಟು ಜನ ಒಳಗೆ ಕೂತರು, ಮಿಕ್ಕವರು ಬಾಗಿಲಿಗೆ ಒತ್ತಿಕೊಂಡರು. ಸಾರಿನ ಪಾತ್ರೆ, ಹಗ್ಗದ ಮೇಲಿನ ಬಟ್ಟೆ, ನನ್ನ ಪುಸ್ತಕಗಳು ಎಲ್ಲ ಎಲ್ಲರ ಕಣ್ಣೆದುರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆಯ ಮೇಲೆ ಶೀಟು ಬಿಸಿಲಿಗೆ ಹಿಗ್ಗಿ ಟಣ್ ಟಣ್ ಎನ್ನುತ್ತಿತ್ತು. ಬೆವರು ಎಲ್ಲರ ಬೆನ್ನಿನಲ್ಲೂ ಇಳಿಯಿತು. ಮೆಂಬರಮ್ಮ ಅವಸರ ಮಾಡಲಿಲ್ಲ. ಯೋಜನೆಯ ನಿಯಮಗಳನ್ನು ಒಂದೊಂದಾಗಿ, ಸಾವಕಾಶವಾಗಿ ಹೇಳುತ್ತ ಹೋದರು.

ಸ್ವಲ್ಪ ಹೊತ್ತಿಗೆ ಹೆಂಚಿನ ಮನೆಯವನೊಬ್ಬ ಎದ್ದ. "ಕೂತ್ಕಳಪ್ಪ, ನಿಂದೂ ಕೇಳ್ತೀನಿ" ಎಂದರು ಮೆಂಬರಮ್ಮ. ಅವನು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ನಮ್ದು ಇನ್ನೊಂದ್ ಸಲ ನೋಡ್ಕಳಣ ಬುಡಿ ಅಮ್ಮಾವ್ರೇ. ಮೊದ್ಲು ಈ ಶೀಟ್ ಮನೆಯೋರ್ದು ಆಗ್ಲಿ" ಎಂದು ಹೊರಗೆ ಹೋದ. ಅವನ ಹಿಂದೆ ಇನ್ನೊಬ್ಬ ಎದ್ದ. ಯಾರೂ ಯಾರನ್ನೂ ಬೈಯಲಿಲ್ಲ, ಯಾರ ಹೆಸರನ್ನೂ ಯಾರೂ ಹೊಡೆದು ಹಾಕಲಿಲ್ಲ. ಸಭೆ ಮುಗಿಯುವ ಹೊತ್ತಿಗೆ ಕೂತಿದ್ದವರು ಬಹುಪಾಲು ಶೀಟಿನ ಮನೆಯವರೇ, ಆ ಬಿಸಿಗೆ ಒಗ್ಗಿಹೋಗಿದ್ದವರು. ನನ್ನ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಹೆಂಗಸನ್ನು ನಾನು ಬೆರಗಿನಿಂದ ನೋಡಿದ್ದು ಅವತ್ತೇ ಮೊದಲು.

ಇನ್ನು ಹಗ್ಗದ ವಿಷಯ. ನಮ್ಮ ಜನಕ್ಕೆ ಒಂದು ಹುಚ್ಚಿದೆ. ಪಾಯ ಹಾಕುವಾಗ ಯಾರೂ ಇಂದಿನ ಮನೆಗೆ ಹಾಕುವುದಿಲ್ಲ. ಮಗನ ಮದುವೆಗೆ ಒಂದು ಕೋಣೆ, ಬೀಗರಿಗೆ ಒಂದು ಪಡಸಾಲೆ, ಮುಂದೊಂದು ದಿನ ಎತ್ತುವ ಮಹಡಿಗೆ ಕಂಬ, ಎಲ್ಲಕ್ಕೂ ಒಟ್ಟಿಗೆ ತೋಡಿಬಿಡುತ್ತಾರೆ. ಕೇಳಿದರೆ, ಪಾಯ ಏನು ದಿನಾ ಹಾಕುತ್ತೇವೆಯೇ ಎನ್ನುತ್ತಾರೆ. ಯೋಜನೆ ಕೊಡುವುದು ಒಂದು ಸಣ್ಣ ಮನೆಗೆ. ಅದಕ್ಕೆ ಅಳತೆಯ ಮಿತಿ ಇದೆ. ದೊಡ್ಡ ಪಾಯ ಹಾಕಿದವರಿಗೆ ಕಂತು ಸಿಗುವುದಿಲ್ಲ, ಕೈಯಲ್ಲಿದ್ದ ಕಾಸು ಕಲ್ಲಿಗೇ ಮುಗಿದಿರುತ್ತದೆ. ಹೀಗೆ ನಿಂತುಹೋದ ಪಾಯಗಳನ್ನು ಈ ಸೀಮೆಯ ಯಾವ ಊರಿಗೆ ಹೋದರೂ ನೋಡಬಹುದು. ಒಳಗೆ ಹರಳುಗಿಡ ಬೆಳೆದಿರುತ್ತದೆ, ಪಕ್ಕದಲ್ಲಿ ಹಳೇ ಶೀಟಿನಡಿಯಲ್ಲೇ ಸಂಸಾರ ನಡೆದಿರುತ್ತದೆ. "ಪಾಯ ಆಕ್ದೋರೆಲ್ಲಾ ಸೂರ್ ಕಾಣಲ್ಲ ಕಣಪ್ಪ" ಎಂಬುದು ಮೆಂಬರಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು.

ಎಂಜಿನಿಯರು ಒಳ್ಳೆಯ ಹುಡುಗ. ಟೇಪು ಹಿಡಿದು ಅಳೆದು, ಗೂಟ ನೆಡಿಸಿ ತೋರಿಸುತ್ತಿದ್ದ. ಟೇಪಿನ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಅವನು ಬೈಕು ಹತ್ತಿದ ಕೂಡಲೇ ಗೂಟಗಳಿಗೆ ಕಾಲು ಬರುತ್ತಿತ್ತು. ಮೆಂಬರಮ್ಮ ಅವನಿಂದಲೇ ಅಳತೆ ಮಾಡಿಸಿ, ಮಂಜೂರಾಗುವ ಮನೆಯ ಸುತ್ತಳತೆಗೆ ಸರಿಯಾಗಿ ಒಂದು ಹಗ್ಗ ಕತ್ತರಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿಸಿದರು. ಮೂಲೆ ಬರುವ ನಾಲ್ಕು ಕಡೆ ಕೆಂಪು ಬಟ್ಟೆಯ ಚೂರು ಕಟ್ಟಿದರು. ಯಾರ ಮನೆಯ ಗುದ್ದಲಿ ಪೂಜೆಯಾದರೂ ಆ ಹಗ್ಗ ನೆಲಕ್ಕೆ ಬೀಳಬೇಕು. ಮೂಲೆಗಳನ್ನು ಹಿಡಿಯುವವರು ಗಂಡಸರಲ್ಲ, ಆ ಮನೆಯ ಮತ್ತು ನೆರೆಮನೆಯ ಹೆಂಗಸರು. ಆಮೇಲೆ ಮನೆಯೊಡತಿಯನ್ನು ಹಗ್ಗದೊಳಗೆ ಕರೆದು ನಿಲ್ಲಿಸಿ ಮೆಂಬರಮ್ಮ ಕೇಳುತ್ತಿದ್ದರು, ಒಲೆ ಎಲ್ಲಿ, ನೀರೆಲ್ಲಿ, ನೀನು ಮಲಗುವುದೆಲ್ಲಿ ಎಂದು. ಆ ಮನೆಗಳು ಹೆಂಗಸರ ಹೆಸರಿಗೇ ಆಗುತ್ತಿದ್ದವು, ಯೋಜನೆಯ ನಿಯಮವೇ ಹಾಗಿತ್ತು. ಆದರೆ ನೀನು ಮಲಗುವುದೆಲ್ಲಿ ಎಂದು ಕೇಳಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.

ನಮ್ಮ ಸರದಿ ಬಂದದ್ದು ಮರು ವರ್ಷ, ಯುಗಾದಿ ಕಳೆದ ಮೇಲೆ. ಮನೆ ಕಿತ್ತೆವು. ಅದೇ ಶೀಟುಗಳನ್ನು ಪಕ್ಕದ ಕಾಂಪೌಂಡು ಗೋಡೆಗೆ ವಾಲಿಸಿ ಅದರಡಿಯಲ್ಲಿ ಸಾಮಾನು, ನಾವು. ಮುಂಗಾರು ಹಿಡಿಯುವಷ್ಟರಲ್ಲಿ ಸೂರು ಬೀಳದಿದ್ದರೆ ಆ ವಾಲಿಸಿದ ಶೀಟಿನಡಿ ಇರುವಂತಿರಲಿಲ್ಲ, ಮೇಲಿನ ರಸ್ತೆಯ ನೀರೆಲ್ಲ ಅಲ್ಲೇ ಇಳಿಯುತ್ತಿತ್ತು. ಗುದ್ದಲಿ ಪೂಜೆಯ ದಿನ ಅವ್ವ ಹಗ್ಗದೊಳಗೆ ನಿಂತಳು.

"ಒಲೆ ಎಲ್ಲಿಕ್ಕತೀಯವ್ವ?"

"ಇಲ್ಲಿ, ಈ ಮೂಲೇಗೆ."

"ನೀ ಮಲಗದೆಲ್ಲಿ?"

ಅವ್ವ ಸುತ್ತ ನೋಡಿದಳು. "ಎಲ್ಲಾರ ಸೈ ಬುಡಿ ಅಮ್ಮಾವ್ರೇ, ಜಾಗ ಮಿಕ್ದ ಕಡೆ."

"ಮಿಕ್ದ ಕಡೆ ಅಲ್ಲ. ಮೊದ್ಲು ಅದನ್ನೇಳು. ಆಮೇಕೆ ಮಿಕ್ಕಿದ್ದು."

ಅವ್ವ ಒಂದು ಜಾಗ ತೋರಿಸಿದಳು. ಮೆಂಬರಮ್ಮ ಅಲ್ಲಿ ಕಾಲಿನಿಂದ ಮಣ್ಣಿನ ಮೇಲೊಂದು ಗೆರೆ ಎಳೆದರು. ಅವ್ವ ಆ ಗೆರೆಯನ್ನು ನೋಡುತ್ತ ನಿಂತದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮಾರನೆಯ ಬೆಳಿಗ್ಗೆ ಮೆಂಬರಮ್ಮ ಪೂಜೆಗೆ ಕೂತ ಹೊತ್ತು ನೋಡಿ ಅಪ್ಪ ಗಾರೆ ಮೇಸ್ತ್ರಿಯನ್ನು ಕರೆಸಿದರು. ಹಗ್ಗದ ಮುಂಗೋಡೆಯನ್ನು ನಡುಗೋಡೆ ಮಾಡಿ, ಅದರಾಚೆ ಬೀದಿಯ ಕಡೆಗೆ ಇನ್ನೊಂದು ದೊಡ್ಡ ಹಾಲಿಗೆ ಪಾಯ ತೋಡಿಸಿದರು. ಆ ಹಾಲು ನನಗಾಗಿ. ಮಗಳು ಓದಿದ್ದಾಳೆ, ನಾಳೆ ಹೆಣ್ಣು ನೋಡಲು ಬಂದವರನ್ನು ಎಲ್ಲಿ ಕೂರಿಸುವುದು ಎಂಬುದು ಅಪ್ಪನಿಗೆ ಹತ್ತಿಕೊಂಡಿದ್ದ ಚಿಂತೆ. ಒಲೆಯ ಹೊಗೆ ಮುಖಕ್ಕೆ ಬರುವಂಥ ಮನೆಯಲ್ಲಿ ನನ್ನನ್ನು ಯಾರಾದರೂ ನೋಡುವುದು ಅವರಿಂದ ಸಹಿಸಲಾಗುತ್ತಿರಲಿಲ್ಲ. ಅದು ಜಂಬವಲ್ಲ, ಪ್ರೀತಿಯೇ. ಹಾಗಾಗಿ ಅವ್ವನಿಗೂ ನನಗೂ ಅಡ್ಡ ಮಾತಾಡಲಾಗಲಿಲ್ಲ.

ಮೆಂಬರಮ್ಮ ಕಂತುಗಳಿಗಾಗಿ ಮೈಸೂರಿಗೆ ಓಡಾಡುತ್ತಿದ್ದ ಆ ವಾರದಲ್ಲೇ ಪಾಯದ ಸೈಜುಗಲ್ಲಿನ ಕೆಲಸ ಮುಗಿದು ಎಂಜಿನಿಯರು ಬಂದ. ಟೇಪು ಹಿಡಿದ. ಮುಖ ಸಣ್ಣದು ಮಾಡಿಕೊಂಡು, "ಇದು ಮಂಜೂರಾದ ಮನೆ ಅಲ್ಲ ಅಣ್ಣ. ನಾನು ಫೋಟೊ ತೆಗೆಯೋಕಾಗಲ್ಲ" ಎಂದ. ಅಪ್ಪ ಮೆಂಬರಮ್ಮನ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಅವರೊಂದು ಮಾತು ಹೇಳಿದರೆ ಎಂಜಿನಿಯರು ಆಗುವುದಿಲ್ಲ ಎನ್ನುವನೇ ಎಂದು ಅಪ್ಪನ ನಂಬಿಕೆ. "ಸೈಡಿಂದ ಒಂದ್ ಫೋಟ ತೆಗ್ಸುಬುಡಿ ತಾಯಿ. ಮುಂದ್ಗಡೆ ಪಾಯ ಕಾಣ್ದಂಗೆ."

"ಸೈಡಿಂದ ಫೋಟ ತೆಗೀಬೋದು ಕಣಪ್ಪ. ಸೈಡಿಂದ ಸೂರ್ ಆಕಕ್ ಆಯ್ತದಾ?" ಎಂದರು ಮೆಂಬರಮ್ಮ. "ನಿಂದೊಂದ್ ಬುಟ್ರೆ ನಾಳೆ ಇಡೀ ಬೀದಿ ಸೈಡಿಂದ ನಿಂತ್ಕತದೆ. ಎಲ್ರುದೂ ಅರ್ಧಕ್ ನಿಲ್ತದೆ. ಮುಂದಿಂದು ಕಿತ್ತಾಕು. ಇನ್ನೂ ಬೆಲ್ಟ್ ಆಕಿಲ್ವಲ್ಲ, ಬರೀ ಕಲ್ಲು ತಾನೆ."

ಅಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಹಾಕಿದ ಪಾಯವನ್ನು ಕೀಳುವುದು ನಮ್ಮಲ್ಲಿ ಅಪಶಕುನ, ಅವಮಾನ ಕೂಡ. ಇಡೀ ಬೀದಿ ನೋಡುತ್ತದೆ. ಅವರು ಇನ್ನೊಬ್ಬ ಮುಖಂಡನ ಹತ್ತಿರ ಹೋದರು. ಅವನು ಬೆನ್ನು ತಟ್ಟಿ, "ನೀ ಬೆಲ್ಟ್ ಆಕುಸ್ಲಾ, ನಾನ್ ನೋಡ್ಕತೀನಿ" ಎಂದನಂತೆ. ಪಾಯದ ಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟಿನ ಬೆಲ್ಟ್ ಸುರಿದುಬಿಟ್ಟರೆ ಆಮೇಲೆ ಕಲ್ಲು ಕೀಳುವ ಮಾತೇ ಇಲ್ಲ. ಕಂತೂ ಇಲ್ಲ, ಮನೆಯೂ ಇಲ್ಲ. ಅದು ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತೆಂದೇ ನನಗೆ ಈಗ ಅನ್ನಿಸುತ್ತದೆ. ಆದರೆ ಹಾಲು ಕಟ್ಟೇ ಕಟ್ಟುತ್ತೇನೆಂದು ಗಂಡಸು ಬೀದಿಯಲ್ಲಿ ಮಾತು ಆಡಿಯಾಗಿತ್ತು.

ಬೆಲ್ಟ್ ಹಾಕಲು ಮೇಸ್ತ್ರಿ ಬಂದದ್ದು, ಎಂದಿನ ಹಾಗೆ, ಮೆಂಬರಮ್ಮನ ಪೂಜೆಯ ಹೊತ್ತಿಗೆ. ಆಗಲೇ ಮೋಡ ಕಟ್ಟುವ ದಿನಗಳು ಶುರುವಾಗಿದ್ದವು. ಜಲ್ಲಿ, ಸಿಮೆಂಟು ಕಲಸುವ ಸದ್ದು ಕೇಳಿದ ಕೂಡಲೇ ಅವ್ವ ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ ಏರಿ ಹತ್ತಿ ಮೆಂಬರಮ್ಮನ ಮನೆಗೆ ಓಡಿದಳು. ನಾನು ಹಿಂದೆ ಹೋದೆ. ದೇವರ ಕೋಣೆಯ ಬಾಗಿಲಲ್ಲಿ ಅವ್ವ ನಿಂತುಬಿಟ್ಟಳು. ಒಳಗೆ ಮೆಂಬರಮ್ಮ ಎಡ ಅಂಗೈಯನ್ನೇ ನೋಡುತ್ತ ಕೂತಿದ್ದರು, ಒದ್ದೆ ತಲೆಗೂದಲು ಬೆನ್ನ ಮೇಲೆ. ಆ ಹೊತ್ತಿನಲ್ಲಿ ಕರೆಯಬಾರದೆಂದು ಅವ್ವನಿಗೆ ಗೊತ್ತು. ಕರೆಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಮೆಂಬರಮ್ಮ ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗನ್ನಿಸಿತು. ಆಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿದರು. ಎದ್ದರು. ಅವರ ಅತ್ತೆ ಹಾಸಿಗೆಯಿಂದಲೇ, "ಎಲ್ಲಿಗೆ, ಅರ್ಧಕ್ ಎದ್ಬಂದೆಯಲ್ಲ" ಎಂದದ್ದು ಕೇಳಿಸಿತು. ಮೊಳೆಗೆ ನೇತುಹಾಕಿದ್ದ ಹಗ್ಗ ತೆಗೆದುಕೊಂಡು ಬರಿಗಾಲಲ್ಲಿ ಹೊರಟರು. ಪೂಜೆ ಮುಗಿಸಿಯೇ ಹಚ್ಚಿಕೊಳ್ಳುವ ವಿಭೂತಿ ಇನ್ನೂ ಇಲ್ಲದ ಅವರ ಹಣೆಯನ್ನು ನಾನು ಮೊದಲ ಬಾರಿಗೆ ನೋಡಿದೆ.

ಪಾಯದೊಳಗೆ ಇಳಿದು ಅವರು ಹಗ್ಗ ಬಿಡಿಸಿದರು. ಅವ್ವ ಒಂದು ಮೂಲೆ ಹಿಡಿದಳು, ನಾನೊಂದು ಹಿಡಿದೆ, ಪಕ್ಕದ ಮನೆಯಾಕೆ ಬಂದು ಇನ್ನೊಂದು ಹಿಡಿದಳು. ನಾಲ್ಕನೆಯ ಕೆಂಪು ಬಟ್ಟೆಯನ್ನು ಮೆಂಬರಮ್ಮ ತಾವೇ ಹಿಡಿದು ನಡುಗೋಡೆಯ ಮೂಲೆಗಲ್ಲಿನ ಮೇಲೆ ನಿಂತರು. ಮಾತಿಲ್ಲ. ಮೇಸ್ತ್ರಿಯ ಬಾಣಲಿ ಅಲ್ಲೇ ನಿಂತಿತು. ಬೀದಿಯೆಲ್ಲ ಸೇರಿತು.

ಅಪ್ಪನೇ ಮಾತು ಶುರುಮಾಡಿದರು. "ನೀವ್ ಪೂಜೆ ಬುಟ್ ಬರ್ಬಾರ್ದಾಗಿತ್ತು ಅಮ್ಮಾವ್ರೇ." ಅವರು ಸುಮ್ಮನಿದ್ದರು. "ಜಾಗ ನಮ್ದು. ಕಲ್ಲು ನಾನ್ ತರ್ಸಿದ್ದು." ಸುಮ್ಮನಿದ್ದರು. "ಮಗಳು ಓದವ್ಳೆ. ನಾಳೆ ನೋಡಕ್ ಬಂದೋರ್ನ ಒಲೆ ಮುಂದೆ ಕೂರ್ಸನಾ? ನೀವೇ ಏಳಿ." ಅವರು ಅಪ್ಪನನ್ನು ನೋಡಿದರು, ಅಷ್ಟೆ. ಬೈದಿದ್ದರೆ ಅಪ್ಪ ತಿರುಗಿ ಬೈಯುತ್ತಿದ್ದರು. ಮಾತಿಗೆ ಮಾತು ಬೆಳೆದಿದ್ದರೆ ಬೆಲ್ಟ್ ಬಿದ್ದೇ ಬೀಳುತ್ತಿತ್ತು. ಎದುರು ಮಾತೇ ಇಲ್ಲದೆ ಅಪ್ಪ ಒಬ್ಬರೇ ಆಡುತ್ತ ಹೋದರು. ತಮ್ಮ ತಂದೆ ಗುಡಿಸಲಲ್ಲಿ ಸತ್ತದ್ದು, ಮದುವೆಯಾದ ಹೊಸತರಲ್ಲಿ ಹೆಂಡತಿಯ ಅಣ್ಣಂದಿರು ಬಂದು ಕೂರಲು ಜಾಗವಿಲ್ಲದೆ ಬೀದಿಯಲ್ಲೇ ನಿಂತು ಹೋದದ್ದು, ಹೀಗೆ ಅವ್ವನೂ ನಾನೂ ಎಂದೂ ಕೇಳಿರದ ಮಾತುಗಳೆಲ್ಲ ಆ ಬೀದಿಯ ಎದುರು ಹೊರಗೆ ಬಂದವು. ಬಿಸಿಲು ಏರಿತು. ಮೆಂಬರಮ್ಮನ ತುಟಿ ಒಣಗಿತ್ತು.

ಪಕ್ಕದ ಮನೆಯಾಕೆಯ ಸೊಸೆ ಒಂದು ಲೋಟ ನೀರು ತಂದು ಹಿಡಿದಳು. ಮೆಂಬರಮ್ಮ ತಲೆಯಾಡಿಸಿ ಕೊರಳಿನ ಕರಡಿಗೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಅವ್ವನಿಗೆ ಅರ್ಥವಾಯಿತು. "ಪೂಜೆ ಮುಗ್ದಿಲ್ಲ ಕಣ್ರೀ ಅವರ್ದು," ಎಂದಳು ಅಪ್ಪನಿಗೆ, "ಬಾಯಿಗ್ ಹನಿ ನೀರೂ ಆಕಿಲ್ಲ."

ಅಪ್ಪ ಮಾತು ನಿಲ್ಲಿಸಿದರು. ಮೇಸ್ತ್ರಿ ಮೆಲ್ಲಗೆ, "ಅಣ್ಣ, ಕಲ್ಸಿದ್ ಮಾಲು ಗಟ್ಟಿ ಆಯ್ತಾ ಅದೆ. ಹಗ್ಗದೊಳಿಕಾರ ಆಕ್ಬುಡ್ಲಾ?" ಎಂದ. ಅಪ್ಪ ನನ್ನ ಮುಖ ನೋಡಿದರು. ನಾನು ಹಗ್ಗ ಹಿಡಿದೇ ಇದ್ದೆ. ಆಮೇಲೆ ಅವರು, "ಆಕು" ಎಂದು ಅಷ್ಟೇ ಹೇಳಿ, ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಮುಂದಿನ ಹಾಲಿನ ಮೊದಲ ಕಲ್ಲಿಗೆ ತಾವೇ ಹಾಕಿ ಮೀಟಿದರು. ಎರಡನೆಯ ಕಲ್ಲು ಮೀಟುವಾಗ, ತಲೆಯೆತ್ತದೆಯೇ ಹೇಳಿದರು: "ನೀವ್ ಓಗಿ ತಾಯಿ. ಪೂಜೆ ಮುಗ್ಸಿ. ನಾನೇ ಕೀಳ್ತೀನಿ, ಒಂದೂ ಬುಡಲ್ಲ."

ಮೆಂಬರಮ್ಮ ಹೋದರು. ಹೋಗುವಾಗ ಕಾಲು ತೊಡರಿತು, ನಾನು ಕೈ ಹಿಡಿದುಕೊಂಡೆ. ದೇವರ ಎದುರಿನಿಂದ ಅರ್ಧಕ್ಕೆ ಎದ್ದು ಬಂದ ಅಳುಕೋ, ಬರೀ ಹಸಿವೋ, ನನಗೆ ತಿಳಿಯದು. ಅವರ ನಿಯಮ ಅವರಿಗೆ ಎಷ್ಟು ದೊಡ್ಡದೆಂದು ಬಲ್ಲವಳು ನಾನು. ಅತ್ತೆಯ ಆಪರೇಷನ್ ದಿನವೂ ಅವರು ಪೂಜೆ ಮುಗಿಸಿಯೇ ಮೈಸೂರಿನ ಬಸ್ಸು ಹತ್ತಿದ್ದರು. ನಮಗಾಗಿ ಮುರಿದರು. ನಾವು ಅವರ ಜಾತಿಯವರಲ್ಲ, ನೆಂಟರಲ್ಲ, ಹೋದ ಸಲ ಅಪ್ಪ ಅವರಿಗೆ ಓಟು ಹಾಕಿದ್ದರೆಂಬ ಖಾತ್ರಿಯೂ ಇಲ್ಲ.

ಹಣೆಗೆ ವಿಭೂತಿ ಹಚ್ಚಿಕೊಂಡು ಅವರು ಮತ್ತೆ ಬಂದಾಗ ಹೊರಗಿನ ಕಲ್ಲೆಲ್ಲ ಕಿತ್ತು ರಾಶಿಯಾಗಿತ್ತು. ಏನು ಹೇಳುತ್ತಾರೋ ಎಂದು ಬೀದಿಯೇ ಕಿವಿಗೊಟ್ಟಿತ್ತು. "ಕಾಫಿ ಕೊಡವ್ವ, ತಲೆ ಸಿಡೀತಾ ಅದೆ" ಎಂದರು ಅವ್ವನಿಗೆ. ಕಾಫಿ ಕುಡಿದಾದ ಮೇಲೆ ಅಪ್ಪನ ಕಡೆ ತಿರುಗಿ, "ಆ ಕಲ್ನೆಲ್ಲ ಮುಂದ್ಗಡೆ ಜೋಡ್ಸಿ ಒಂದ್ ಕಟ್ಟೆ ಮಾಡ್ಸು. ಬಂದೋರು ಗಾಳೀಲಿ ಕೂತ್ಕತಾರೆ. ನಿನ್ ಮಗ್ಳುನ್ನ ನೋಡಕ್ ಬರೋರು ನನ್ ಜವಾಬ್ದಾರಿ ಬುಡು" ಎಂದರು.

ಎಂಜಿನಿಯರು ಬಂದು ಫೋಟೊ ತೆಗೆದ. ಅವ್ವ ಮದುವೆಯ ಸೀರೆ ಉಟ್ಟು ಪಾಯದ ಮುಂದೆ ನಿಂತಳು. ಕೇಂದ್ರದ ಕಂತು ತಡವಾದಾಗಲೆಲ್ಲ ಮೆಂಬರಮ್ಮ ನಗರಸಭೆಯ ಮೆಟ್ಟಿಲು ಹತ್ತಿ ಕೇಳುತ್ತಿದ್ದರು, ಮೈಸೂರಿನ ಕಚೇರಿಗೂ ಹೋಗಿ ಬರುತ್ತಿದ್ದರು. ಮಳೆ ಜೋರಾಗುವ ಮೊದಲು ನಮ್ಮ ಮನೆಗೆ ತಾರಸಿಯ ಮೋಲ್ಡ್ ಬಿತ್ತು. ಹೊಸ ಸೂರಿನ ಕೆಳಗೆ ಮೊದಲ ದೊಡ್ಡ ಮಳೆ ಬಂದಾಗ ಅವ್ವ ಮಲಗಲೇ ಇಲ್ಲ. ಶೀಟಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಕಣೇ ಎಂದು ನಕ್ಕಳು.

ಚುಂಚನಕಟ್ಟೆಯ ಕಡೆಯಿಂದ ನನ್ನನ್ನು ನೋಡಲು ಬಂದವರು ಆ ಕಟ್ಟೆಯ ಮೇಲೆಯೇ ಕೂತರು. ಗದ್ದೆ ಇದ್ದ ಮನೆತನ. ಮೆಂಬರಮ್ಮ ಹುಡುಗನ ತಾಯಿಯ ಪಕ್ಕದಲ್ಲಿ ಕೂತು, ತಮ್ಮ ಮನೆಯ ಮಗಳೆಂಬಂತೆ ನನ್ನನ್ನು ಹೊಗಳಿದರು, ಒಂದೆರಡು ಸುಳ್ಳನ್ನೂ ಸೇರಿಸಿದರು. ಆ ತಾಯಿ ಸೂರನ್ನು ನೋಡಿ, "ಮನೆ ಯಾರ್ ಎಸ್ರಲ್ ಅದೆ?" ಎಂದು ಕೇಳಿದರು. ಅವ್ವ ಸಂಕೋಚದಿಂದ, "ನಂದೇ ಕಣವ್ವ" ಎಂದಳು. ಆಕೆ ಹಿಂದಿನ ಗೋಡೆಯನ್ನು ಕೈಯಿಂದ ಸವರಿ, "ನಮ್ದು ಅಷ್ಟ್ ದೊಡ್ ಮನೆ, ನಂದು ಅಂತ ಒಂದ್ ಗೋಡೆ ಇಲ್ಲ" ಎಂದರು. ಅವರು ಈಗ ನನ್ನ ಅತ್ತೆ. ನಾನು ಪಿರಿಯಾಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ.

ಮೆಂಬರಮ್ಮನ ಅವಧಿ ಮುಗಿಯಿತು. ಕೊನೆಯ ವರ್ಷ ಅವರ ಜಾತಿಯ ಜನವೇ ಅವರ ಮೇಲೆ ಮುನಿಸಿಕೊಂಡಿತ್ತು. ವಾರ್ಡಿನ ಅಭಿವೃದ್ಧಿಗೆ ಬಂದ ಅನುದಾನದಲ್ಲಿ ಒಂದು ಸಮುದಾಯ ಭವನವಾಗಲಿ ಎಂದು ಹಿರಿಯರು ಕೇಳಿದ್ದರು. ಈಕೆ ಅದನ್ನು ನಮ್ಮ ಇಳಿಜಾರಿನ ಚರಂಡಿಗೂ ನೀರಿನ ಪೈಪಿಗೂ ಹಾಕಿಸಿದರು. ಮದುವೆ ಒಂದು ದಿನ, ಮಳೆ ನಾಲ್ಕು ತಿಂಗಳು ಎಂಬುದು ಅವರ ವಾದ. ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಯಿತು, ಅವರನ್ನು ಯಾರೂ ಬೇರೆ ಕಡೆ ನಿಲ್ಲಿಸಲಿಲ್ಲ. ಅದರಿಂದ ಅವರಿಗೆ ನೋವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅರ್ಧಕ್ಕೆ ನಿಂತ ಮನೆ ನಮ್ಮ ವಾರ್ಡಿನಲ್ಲಿ ಒಂದೂ ಉಳಿದಿರಲಿಲ್ಲ. ರಜೆಯಲ್ಲಿ ನಾನು ಹೋದಾಗ ಇಳಿಜಾರಿನ ಮೇಲೆ ನಿಂತು ಆ ತಾರಸಿಗಳ ಸಾಲನ್ನು ನೋಡುತ್ತೇನೆ, ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ದೆಹಲಿಯಲ್ಲಿ ಯಾರೋ ಹಾಕಿದ ರುಜು ಇಲ್ಲಿ ಸೂರಾಗಿ ನಿಲ್ಲಲು ನಡುವೆ ಒಬ್ಬ ಹೆಂಗಸು ಎಷ್ಟು ನಡೆದಿರಬೇಕು, ಎಷ್ಟು ಜನರ ಬಾಯಿಗೆ ಬಿದ್ದಿರಬೇಕು.

ಹೋದ ವರ್ಷ ಅವರು ತೀರಿಕೊಂಡರು, ಮಲಗಿ ನರಳದೆ. ಅವರ ಪದ್ಧತಿಯಂತೆ ಕೂತ ಭಂಗಿಯಲ್ಲೇ, 'ವಿಮಾನ' ಎಂದು ಅವರು ಕರೆಯುವ ಅಲಂಕರಿಸಿದ ಕುರ್ಚಿಯಲ್ಲಿ ಕೂರಿಸಿ, ಕಟ್ಟೆಮಳಲವಾಡಿಯ ಹತ್ತಿರದ ಅವರ ಹೊಲದಲ್ಲಿ ಮಣ್ಣು ಮಾಡಿದರು. ಅಪ್ಪ ತಮ್ಮ ಗೂಡ್ಸ್ ಆಟೋದಲ್ಲಿ ಬೀದಿಯ ಹೆಂಗಸರನ್ನು ಹಿಡಿಸಿದಷ್ಟು ತುಂಬಿಕೊಂಡು ಬಂದರು, ಮತ್ತೆ ಹೋಗಿ ಉಳಿದವರನ್ನು ಕರೆತಂದರು. ನಾನು ಶಾಲೆಯಿಂದ ನೇರವಾಗಿ ಹೋಗಿದ್ದೆ. ಮಣ್ಣು ಹಾಕುವ ಹೊತ್ತಿಗೆ ನೆಂಟರು, ಕುಲಸ್ಥರು ಸಾಲಾಗಿ ಮುಂದೆ ಬಂದರು. ಅಪ್ಪನೂ ಟವೆಲ್ಲು ಸೊಂಟಕ್ಕೆ ಕಟ್ಟಿಕೊಂಡು ಆ ಸಾಲಿನಲ್ಲಿ ಹೋಗಿ ನಿಂತರು.

ಅವರ ಕಡೆಯ ಹಿರಿಯರೊಬ್ಬರು ಗುರುತು ಸಿಗದೆ ಕೇಳಿದರು, ಕೆಟ್ಟ ಮನಸ್ಸಿನಿಂದಲ್ಲ: "ತಾವು ಯಾರು ಗೊತ್ತಾಗ್ಲಿಲ್ವಲ್ಲ. ಅಮ್ಮನೋರ್ಗೆ ಏನಾಗ್ಬೇಕು?"

ಅಪ್ಪ ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡರು.

"ಏನೂ ಆಗ್ಬೇಕಿಲ್ಲ ಬುದ್ಧಿ," ಎಂದರು. "ನಮ್ ಮನೆ ಚಿಕ್ಕದ್ ಮಾಡ್ದೋರು."